ಮಂಡಿ ನೋವು ಮುಗಿದ ಮೇಲೆ ಕೇಳುವ ಪ್ರಶ್ನೆಗಳು: ವ್ಯಾಯಾಮ ಮತ್ತು ಗಂಡಸರ ಲೈಂಗಿಕ ಆರೋಗ್ಯ

ನಾನು ವ್ಯಾಯಾಮ ಹೇಳಿಕೊಡುವವನು, ಡಾಕ್ಟರ್ ಅಲ್ಲ. ಈ ವಿಷಯ ನನ್ನ ಹತ್ತಿರ ಬರುವುದು ಯಾವಾಗಲೂ ಒಂದೇ ಥರ. ಮೊದಲು ಮಂಡಿ ನೋವು, ಆಮೇಲೆ ಬೆನ್ನು, ಆಮೇಲೆ ಯಾವ ಶೂ ತಗೊಳ್ಳಲಿ ಅಂತ. ಎಲ್ಲ ಮುಗಿದು ಹೊರಡುವ ಹೊತ್ತಿಗೆ ಟವೆಲ್ ಮಡಚುತ್ತಾ, ನನ್ನ ಮುಖ ಬಿಟ್ಟು ಟ್ರೆಡ್‌ಮಿಲ್ಲಿನ ಪರದೆ ನೋಡುತ್ತಾ, "ನನ್ನ ಫ್ರೆಂಡ್ ಒಬ್ಬನಿಗೆ..." ಅಂತ ಶುರುವಾಗುತ್ತದೆ. ಆ ಫ್ರೆಂಡಿನ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತು ಹಾಗೇ ಇದೆ, ಹೆಸರು ಮಾತ್ರ ಇಲ್ಲ.

## ಮೊದಲಿಂದ ಶುರು ಮಾಡೋಣ

ವ್ಯಾಯಾಮಕ್ಕೂ ಅದಕ್ಕೂ ಏನು ಸಂಬಂಧ ಸಾರ್? ಅದೇನು ತೋಳಾ, ತೊಡೆಯಾ?

ತೋಳೂ ಅಲ್ಲ, ತೊಡೆಯೂ ಅಲ್ಲ. ಶಿಶ್ನದಲ್ಲಿ ಮೂಳೆ ಇಲ್ಲ. ಒಳಗೆ ಇರುವುದು ಸ್ಪಂಜಿನಂಥ ಎರಡು ಉದ್ದನೆಯ ಕೊಳವೆ, ಅವಕ್ಕೆ ರಕ್ತ ತರುವ ಸಣ್ಣ ನಾಳಗಳು. ಆಸೆ ಹುಟ್ಟಿದಾಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹೊರಡುತ್ತದೆ. ಅದು ತಾಗಿದ ಕಡೆ ನಾಳದ ಗೋಡೆ ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ, ರಕ್ತ ನುಗ್ಗಿ ಸ್ಪಂಜು ಉಬ್ಬುತ್ತದೆ. ಉಬ್ಬಿದ ಸ್ಪಂಜು ರಕ್ತ ವಾಪಸ್ ಹೋಗುವ ದಾರಿಯನ್ನು ತಾನೇ ಒತ್ತಿ ಮುಚ್ಚುತ್ತದೆ. ಗಡಸುತನ ಅಂದರೆ ಇಷ್ಟೇ.

ರಕ್ತನಾಳದಲ್ಲಿ ಈ ಅನಿಲದ ಕೆಲಸ ಏನು ಅಂತ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಗಡಸುತನದ ಮಾತ್ರೆ ವಯಾಗ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ ಅದೇ ವರ್ಷ.

ಈಗ ವ್ಯಾಯಾಮಕ್ಕೆ ಬರೋಣ. ನೀವು ಜೋರಾಗಿ ನಡೆದಾಗ ರಕ್ತ ರಭಸವಾಗಿ ಹರಿದು ನಾಳದ ಒಳಪದರವನ್ನು ಉಜ್ಜುತ್ತದೆ. ಆ ಉಜ್ಜಾಟಕ್ಕೆ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ದಿನಾ ಉಜ್ಜಿದರೆ ದಿನಾ ಬಿಡುವ ಅಭ್ಯಾಸ ಉಳಿಯುತ್ತದೆ. ನಡೆಯುವುದು ಕಾಲು, ಲಾಭ ಮಾತ್ರ ಎಲ್ಲ ನಾಳಗಳಿಗೂ.

ಬೆಳಗ್ಗೆ ಎದ್ದಾಗ ಚೆನ್ನಾಗೇ ಇರುತ್ತೆ, ಬೇಕಾದಾಗ ಕೈಕೊಡುತ್ತೆ. ದೇಹದ ಸಮಸ್ಯೆನಾ, ತಲೆದಾ?

ಬೆಳಗ್ಗೆ ಬರುತ್ತಿದ್ದರೆ ಒಳ್ಳೆಯ ಸುದ್ದಿ. ಆರೋಗ್ಯವಂತ ಗಂಡಸಿಗೆ ಕನಸು ಬೀಳುವ ನಿದ್ದೆಯ ಹೊತ್ತಿನಲ್ಲಿ ರಾತ್ರಿಗೆ ಮೂರರಿಂದ ಐದು ಸಲ ನಿಮಿರುತ್ತದೆ, ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಕಾಣುವುದು ಅದರ ಕೊನೆಯ ಕಂತು. ಅದು ಇದೆ ಅಂದರೆ ನರ, ನಾಳ ಎರಡೂ ಹೆಚ್ಚುಕಡಿಮೆ ಕೆಲಸ ಮಾಡುತ್ತಿವೆ. ಆಗ ಆತಂಕ, ಒತ್ತಡ, ಸಂಬಂಧದ ಕಿರಿಕಿರಿ ಇವುಗಳ ಕಡೆ ನೋಡಬೇಕು. ಹೆದರಿದಾಗ ದೇಹ ಬಿಡುವ ಅಡ್ರಿನಲಿನ್ ನಾಳವನ್ನು ಬಿಗಿ ಮಾಡುತ್ತದೆ. ಮೇಲೆ ಹೇಳಿದ್ದಕ್ಕೆ ನೇರ ಉಲ್ಟಾ. ಒಂದು ಸಲ ಕೈಕೊಟ್ಟಿದ್ದು ನೆನಪಾಗಿ ಹೆದರಿಕೆ, ಹೆದರಿಕೆಯಿಂದ ಎರಡನೇ ಸಲವೂ ಹಾಗೇ, ಹೀಗೆ ಸುತ್ತುತ್ತಲೇ ಇರುವವರು ಬಹಳ.

ಒಂದೆರಡು ಸಲ ಆಗದೇ ಇರುವುದು ಎಲ್ಲರಿಗೂ ಆಗುವಂಥದ್ದು, ಸುಮ್ನೆ ಬಿಟ್ಟುಬಿಡಿ. ಬೆಳಗಿನದೂ ತಿಂಗಳುಗಟ್ಟಲೆ ಕಾಣುತ್ತಿಲ್ಲ ಅಂದರೆ ಆ ಮಾತು ಬೇರೆ, ಅದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ.

ಸೆಕ್ಸೇ ಒಂದು ವ್ಯಾಯಾಮ ಅಂತಾರಲ್ಲ, ಅದನ್ನೇ ಮಾಡಿದ್ರೆ ಸಾಲದಾ?

ಈ ಪ್ರಶ್ನೆ ಕೇಳುವವರೆಲ್ಲ ನಗುತ್ತಲೇ ಕೇಳುತ್ತಾರೆ, ಉತ್ತರ ಕೇಳಿ ಮುಖ ಸಣ್ಣದಾಗುತ್ತದೆ. ಕೆನಡಾದಲ್ಲಿ 21 ಜೋಡಿಗಳ ತೋಳಿಗೆ ಯಂತ್ರ ಕಟ್ಟಿ ಅಳೆದರು, 2013ರಲ್ಲಿ ಲೆಕ್ಕ ಹೊರಬಂತು. ಒಂದು ಸಲಕ್ಕೆ ಗಂಡಸರು ಖರ್ಚು ಮಾಡಿದ್ದು ಸರಾಸರಿ 101 ಕ್ಯಾಲರಿ. ಅದೇ ಗಂಡಸರು ಅರ್ಧ ಗಂಟೆ ಟ್ರೆಡ್‌ಮಿಲ್ಲಿನಲ್ಲಿ ಓಡಿದಾಗ 276. ಅವರೆಲ್ಲ ಇಪ್ಪತ್ತರ ಆಸುಪಾಸಿನವರು ಬೇರೆ. ಸಾಲದು.

ನನಗಿನ್ನೂ 26. ಇದೆಲ್ಲ ಐವತ್ತಾದವರಿಗೆ ಅಲ್ವಾ?

ರಕ್ತನಾಳ ಕೆಡುವ ಕೆಲಸ ಐವತ್ತಕ್ಕೆ ಶುರುವಾಗುವುದಿಲ್ಲ, ಐವತ್ತಕ್ಕೆ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರ ದಶಕದ ಕೊನೆಗೆ 40ರಿಂದ 70 ವರ್ಷದ ಗಂಡಸರನ್ನು ಕೇಳಿ ನೋಡಿದಾಗ ನೂರಕ್ಕೆ 52 ಮಂದಿಗೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ಇಪ್ಪತ್ತಾರಕ್ಕೆ ತೊಂದರೆ ಇದ್ದರೆ ಹೆಚ್ಚಾಗಿ ಆತಂಕ, ನಿದ್ದೆಗೇಡು, ಸಿಗರೇಟು, ಕುಡಿತ ಇವುಗಳಲ್ಲೇ ಕಾರಣ ಸಿಗುತ್ತದೆ. ಏನೂ ತೊಂದರೆ ಇಲ್ಲದಿದ್ದರೆ, ಈಗಲೇ ಓಡಾಟ ಇಟ್ಟುಕೊಂಡವರಿಗೆ ಮುಂದೆ ಕಷ್ಟ ಕಡಿಮೆ.

## ಮಾಡೋದು ಹೇಗೆ

ಸುತ್ತಿ ಬಳಸಿ ಬೇಡ, ಯಾವ ವ್ಯಾಯಾಮ ಮಾಡಬೇಕು ಅದೊಂದು ಹೇಳಿ

ಬಿರುಸಾಗಿ ನಡೆಯಿರಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ.

ಈ ಲೆಕ್ಕ ನನ್ನದಲ್ಲ. ಹತ್ತು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ವಿಮರ್ಶೆಯೊಂದು ವಾರಕ್ಕೆ ಒಟ್ಟು 160 ನಿಮಿಷ, ಆರು ತಿಂಗಳು ಅಂತ ಹೇಳಿತು. ಕೂತೇ ಇರುವವರು, ಬೊಜ್ಜು, ಬೀಪಿ, ಹೃದಯದ ತೊಂದರೆ ಇರುವವರಿಗೆ ಅದರಿಂದ ಗಡಸುತನ ಸುಧಾರಿಸಿತ್ತು. ಬಿರುಸು ಅಂದರೆ ಎಷ್ಟು? ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಫೋನ್ ನೋಡಿಕೊಂಡು ನಡೆಯುವುದು ಈ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟೇ ಹೆಜ್ಜೆ ಆಗಿರಲಿ. ಈಜು, ಓಟ, ಸೈಕಲ್ ಯಾವುದಾದರೂ ಸರಿ, ಎದೆ ಬಡಿತ ಏರಬೇಕು ಅಷ್ಟೇ. ಇದರ ಜೊತೆ ವಾರಕ್ಕೆ ಎರಡು ದಿನ ಭಾರ ಎತ್ತುವುದೋ, ಬಸ್ಕಿ, ದಂಡ ಹೊಡೆಯುವುದೋ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಗಂಡಸುತನಕ್ಕೆ ಅಂತ ವಿಶೇಷ ವ್ಯಾಯಾಮ ಹುಡುಕಿಕೊಂಡು ಬಂದವರಿಗೆ ನಾನು ವಾಕಿಂಗ್ ಅಂದಾಗ ಬೇಜಾರಾಗುತ್ತದೆ, ನನಗೆ ಗೊತ್ತು.

ಹೊಟ್ಟೆ ಇಳಿಸಿದ್ರೆ ನಿಜಕ್ಕೂ ವ್ಯತ್ಯಾಸ ಆಗುತ್ತಾ, ಇಲ್ಲ ಸುಮ್ನೆ ಹೇಳ್ತೀರಾ?

ಇಟಲಿಯಲ್ಲಿ ಗಡಸುತನದ ತೊಂದರೆ ಇದ್ದ 110 ಮಂದಿ ದಪ್ಪ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಊಟ, ನಡಿಗೆ ಎರಡನ್ನೂ ಕೂತು ವಿವರವಾಗಿ ತಿದ್ದಿದರು. ಇನ್ನೊಂದಕ್ಕೆ ಬರೀ ಸಾಮಾನ್ಯ ಸಲಹೆ. ಎರಡು ವರ್ಷ ಬಿಟ್ಟು ನೋಡಿದರೆ ಮೊದಲ ಗುಂಪಿನ 55 ಜನರಲ್ಲಿ 17 ಮಂದಿಗೆ ಎಲ್ಲ ಸರಿಹೋಗಿತ್ತು, ಎರಡನೇ ಗುಂಪಿನಲ್ಲಿ ಮೂವರಿಗೆ. 2004ರಲ್ಲಿ ಪ್ರಕಟವಾಯಿತು. ಮಾತ್ರೆ ಇಲ್ಲದೆ.

ಎಲ್ಲರಿಗೂ ಸರಿಹೋಗಲಿಲ್ಲ ಅನ್ನುವುದನ್ನೂ ಗಮನಿಸಿ. ಮೂವರಲ್ಲಿ ಒಬ್ಬರಿಗೆ ಅಂತಿಟ್ಟುಕೊಳ್ಳಿ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದು ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಅನ್ನು ಹೆಂಗಸರ ಹಾರ್ಮೋನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ, ನಾಳದ ಒಳಪದರವನ್ನು ಕೆಡಿಸುತ್ತದೆ. ಇನ್ನೊಂದು ಸಣ್ಣ ಲಾಭ: ಬುಡದ ಸುತ್ತ ಇರುವ ಕೊಬ್ಬು ಕರಗಿದಾಗ ಒಳಗೆ ಮುಚ್ಚಿಹೋಗಿದ್ದ ಉದ್ದ ಹೊರಗೆ ಕಾಣುತ್ತದೆ.

ಎಳೆದು ಉದ್ದ ಮಾಡೋ ವ್ಯಾಯಾಮ ಇದೆಯಂತೆ, ನಿಜಾನಾ?

ಇಲ್ಲ. ಕೈಯಿಂದ ಎಳೆದು, ಹಿಂಡಿ ಉದ್ದವಾಗುತ್ತದೆ ಅನ್ನುವುದಕ್ಕೆ ನಂಬುವಂಥ ಆಧಾರ ಇಲ್ಲ. ಒಳಗೆ ಗಾಯವಾಗಿ ಗಟ್ಟಿ ಕಲೆ ಉಳಿದು ಶಿಶ್ನ ಸೊಟ್ಟಗಾಗುವ ಅಪಾಯ ಇದೆ. ಬೇಡ.

ಕೆಗೆಲ್ ಅಂದ್ರೆ ಹೆಂಗಸರದ್ದು ಅಲ್ವಾ? ಗಂಡಸರು ಹೇಗೆ ಮಾಡೋದು?

ಕೆಳಗಿನ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ಈ ವ್ಯಾಯಾಮ ಶುರುವಾಗಿದ್ದು ಹೆಂಗಸರಿಗೇ. ಆರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಸ್ತ್ರೀರೋಗ ವೈದ್ಯರು ಹೆರಿಗೆಯಾದವರಿಗೆ ಅಂತ 1948ರಲ್ಲಿ ಬರೆದರು. ಆದರೆ ಮುಂದೆ ಗುಪ್ತಾಂಗದ ಮೇಲಿರುವ ಮೂಳೆಯಿಂದ ಹಿಂದೆ ಬೆನ್ನಿನ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಕಟ್ಟಿರುವ ಸ್ನಾಯು ಗಂಡಸರಿಗೂ ಇದೆ. ಅದರಲ್ಲಿ ಎರಡು ಪಟ್ಟಿ ಶಿಶ್ನದ ಬುಡವನ್ನೇ ಸುತ್ತಿಕೊಂಡಿವೆ. ನಿಮಿರಿದಾಗ ಒಳಗಿನ ಒತ್ತಡ ಏರಿಸುವುದು, ರಕ್ತ ಸೋರದ ಹಾಗೆ ಹಿಡಿಯುವುದು, ವೀರ್ಯವನ್ನು ಹೊರಗೆ ತಳ್ಳುವುದು ಇವೇ.

ಮಾಡುವುದು ಹೀಗೆ. ಮೊದಲ ಸಲ ಮಲಗಿಕೊಂಡೇ ಮಾಡಿ, ಮಂಡಿ ಮಡಚಿರಲಿ. ನಾಲ್ಕು ಜನರ ನಡುವೆ ಕೂತಿದ್ದೀರಿ, ಹೂಸು ಬರುತ್ತಿದೆ, ತಡೆಯಬೇಕು. ಅದೇ ಹೊತ್ತಿಗೆ ಮೂತ್ರವನ್ನೂ ತಡೆಯಬೇಕು. ಹಾಗೆ ಅಂದುಕೊಂಡು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಸರಿಯಾಗಿ ಆಗಿದ್ದರೆ ಶಿಶ್ನದ ಬುಡ ಸ್ವಲ್ಪ ಒಳಗೆ ಸರಿಯುತ್ತದೆ, ಬೀಜಗಳು ತುಸು ಮೇಲೇಳುತ್ತವೆ. ಕನ್ನಡಿ ಇಟ್ಟು ನೋಡಿದರೆ ಕಾಣುತ್ತದೆ. ಐದು ಸೆಕೆಂಡು ಹಿಡಿಯಿರಿ, ಐದು ಸೆಕೆಂಡು ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಭಾಗ, ಅದನ್ನು ನುಂಗಬೇಡಿ. ಹತ್ತು ಸಲ ಆದರೆ ಒಂದು ಸುತ್ತು, ದಿನಕ್ಕೆ ಎರಡು ಮೂರು ಸುತ್ತು. ಮಲಗಿ ರೂಢಿಯಾದ ಮೇಲೆ ಕೂತು, ಆಮೇಲೆ ನಿಂತು.

ತಪ್ಪು ಮಾಡುವುದು ಎಲ್ಲಿ ಅಂತ ನನ್ನನ್ನೇ ಕೇಳಿ. ಮೂರು ವಾರ ನಾನು ಉಸಿರು ಕಟ್ಟಿ, ಹೊಟ್ಟೆ ಒಳಗೆಳೆದು, ಕುಂಡಿ ಬಿಗಿ ಮಾಡಿ ಬಹಳ ಶ್ರದ್ಧೆಯಿಂದ ಮಾಡಿದೆ. ಒಂದು ಸಂಜೆ ಟಿವಿ ಮುಂದೆ ಕೂತಿದ್ದಾಗ ಹೆಂಡತಿ ಕೇಳಿದಳು, "ಯಾಕ್ರೀ, ವಾರ್ತೆ ಓದೋರಿಗೆ ಹುಬ್ಬು ಏರಿಸ್ತಿದ್ದೀರಾ?" ಅಷ್ಟೂ ದಿನ ನನ್ನ ಹುಬ್ಬಿಗೆ ಒಳ್ಳೆಯ ವ್ಯಾಯಾಮ ಆಗಿತ್ತು. ಉಸಿರು ಸರಾಗವಾಗಿರಬೇಕು, ಹೊಟ್ಟೆ, ತೊಡೆ, ಕುಂಡಿ ಅಲುಗಬಾರದು, ನೋಡುವವರಿಗೆ ಏನೂ ಗೊತ್ತಾಗಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದು ಸ್ನಾಯು ಯಾವುದು ಅಂತ ಗುರುತಿಸಲು ಒಂದು ಸಲ ಸರಿ. ಅದನ್ನೇ ದಿನದ ಅಭ್ಯಾಸ ಮಾಡಿಕೊಳ್ಳಬೇಡಿ, ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಫಲ ಇದೆಯಾ? ಬ್ರಿಟನ್ನಿನಲ್ಲಿ ಗಡಸುತನದ ತೊಂದರೆ ಇದ್ದ 55 ಗಂಡಸರ ಮೇಲೆ ನೋಡಿದ್ದು 2005ರಲ್ಲಿ ಬಂತು. ಆರು ತಿಂಗಳಿಗೆ ನೂರಕ್ಕೆ 40 ಮಂದಿಗೆ ಮೊದಲಿನ ಹಾಗಾಯಿತು, ಇನ್ನೂ 35ರಷ್ಟು ಮಂದಿಗೆ ಸುಧಾರಿಸಿತು, ಉಳಿದ ಕಾಲು ಭಾಗಕ್ಕೆ ಏನೂ ಆಗಲಿಲ್ಲ. ಸಣ್ಣ ಗುಂಪು ನಿಜ, ಆದರೆ ಖರ್ಚಿಲ್ಲದ ಕೆಲಸಕ್ಕೆ ಇದು ಕಡಿಮೆಯೇನಲ್ಲ.

ಕೆಗೆಲ್ ದಿನಾ ಇನ್ನೂರು ಮುನ್ನೂರು ಮಾಡ್ತಿದ್ದೆ, ಈಗ ಕೆಳಗೆಲ್ಲ ನೋವು. ಏನಾಯ್ತು?

ಜಾಸ್ತಿ ಆಯ್ತು. ಮುಷ್ಟಿಯನ್ನು ದಿನವಿಡೀ ಬಿಗಿ ಹಿಡಿದರೆ ಕೈ ನೋಯುವುದಿಲ್ಲವೇ, ಹಾಗೆ. ಕೆಲವರಿಗೆ ಆ ಸ್ನಾಯು ಮೊದಲೇ ಬಿಗಿಯಾಗಿರುತ್ತದೆ, ಒತ್ತಡದಲ್ಲಿ ಹಲ್ಲು ಕಚ್ಚುವವರ ಹಾಗೆ ಕೆಳಗೂ ಕಚ್ಚಿಕೊಂಡಿರುತ್ತಾರೆ. ಗುದ ಮತ್ತು ಬೀಜದ ನಡುವೆ ನೋವು, ವೀರ್ಯ ಹೋದ ಮೇಲೆ ನೋವು, ಮೂತ್ರ ಶುರುವಾಗಲು ತಡ, ಇವು ಅದರ ಗುರುತು. ಇಂಥವರು ಕೆಗೆಲ್ ನಿಲ್ಲಿಸಬೇಕು. ಮಲಗಿ ಮಂಡಿ ಎದೆಗೆ ತಂದು, ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರೆಳೆದು ಕೆಳಗೆಲ್ಲ ಸಡಿಲ ಬಿಡುವುದನ್ನು ಕಲಿಯಬೇಕು. ಈ ಭಾಗ ಬಲ್ಲ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅವರ ಹತ್ತಿರ ಕಲಿಯುವುದು ಒಳ್ಳೇದು.

ಬೇಗ ಆಗಿಬಿಡುತ್ತೆ. ಇದಕ್ಕೂ ವ್ಯಾಯಾಮ ಇದೆಯಾ?

ಮೊದಲು ಬೇಗ ಅಂದರೆ ಎಷ್ಟು ಅಂತ ನೋಡೋಣ. ಐದು ದೇಶಗಳ 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಅಳೆಸಿದ್ದಾರೆ, 2005ರಲ್ಲಿ. ನಡುಮಧ್ಯದ ಅಂಕಿ 5.4 ನಿಮಿಷ. ಹೌದು, ಅಷ್ಟೇ. ಅರ್ಧ ಗಂಟೆ ಅನ್ನುವುದು ವೀಡಿಯೊ ಎಡಿಟ್ ಮಾಡುವವರ ಕೈಚಳಕ. ಮೊದಲಿಂದಲೂ ಒಂದು ನಿಮಿಷದ ಆಸುಪಾಸಿನಲ್ಲೇ ಮುಗಿಯುತ್ತಿದ್ದು, ತಡೆಯಲು ಆಗದೆ, ಅದರಿಂದ ಮನಸ್ಸಿಗೆ ಬೇಜಾರಾಗುತ್ತಿದ್ದರೆ ಆಗ ಅದು ಶೀಘ್ರ ಸ್ಖಲನ. ನಾಲ್ಕು ನಿಮಿಷದವರು ಈ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು.

ನಿಜವಾಗಿ ಇರುವವರಿಗೆ ಮೇಲಿನ ಕೆಗೆಲ್ಲೇ ಕೆಲಸಕ್ಕೆ ಬರುತ್ತದೆ. ಇಟಲಿಯಲ್ಲಿ ಇಂಥ 40 ಗಂಡಸರಿಗೆ 12 ವಾರ ಅದನ್ನು ಹೇಳಿಕೊಟ್ಟಾಗ 33 ಮಂದಿಗೆ ಹಿಡಿತ ಬಂತು. ಸರಾಸರಿ 32 ಸೆಕೆಂಡ್ ಇದ್ದದ್ದು 146ಕ್ಕೆ ಹೋಯಿತು. ಆದರೆ ಅವರು ಯಂತ್ರದ ಸಹಾಯದಿಂದ, ತಿಳಿದವರ ಕೈಕೆಳಗೆ ಕಲಿತದ್ದು. ಮನೆಯಲ್ಲಿ ಮಾಡುವವರಿಗೆ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು.

ಎಷ್ಟು ದಿನಕ್ಕೆ ಗೊತ್ತಾಗುತ್ತೆ? ಎರಡು ವಾರ ಆಯ್ತು, ಏನೂ ಇಲ್ಲ

ಎರಡು ವಾರಕ್ಕೆ ನಿದ್ದೆ ಸರಿಹೋಗಿರಬಹುದು, ಮೂಡ್ ಚೆನ್ನಾಗಿರಬಹುದು. ಕೆಲವರಿಗೆ ಆಸೆ ಅಷ್ಟಕ್ಕೇ ಚಿಗುರುತ್ತದೆ. ಗಡಸುತನಕ್ಕೆ ಮೂರರಿಂದ ಆರು ತಿಂಗಳು ಇಟ್ಟುಕೊಳ್ಳಿ. ದಿನಾ ಪರೀಕ್ಷೆ ಮಾಡಿ ನೋಡಬೇಡಿ ದಯವಿಟ್ಟು.

## ಜಿಮ್, ಸೈಕಲ್, ಹಾರ್ಮೋನು

ಕಾಲಿನ ವ್ಯಾಯಾಮ ಮಾಡಿದ್ರೆ ಟೆಸ್ಟೋಸ್ಟೆರಾನ್ ಏರುತ್ತಂತೆ, ದಿನಾ ಸ್ಕ್ವಾಟ್ ಹೊಡೀಲಾ?

ಏರುತ್ತದೆ. ಭಾರ ಎತ್ತಿದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಅಷ್ಟೇ, ಆಮೇಲೆ ಇದ್ದ ಜಾಗಕ್ಕೇ ಬರುತ್ತದೆ. ಆ ಏರಿಳಿತದಿಂದ ಹಾಸಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಸ್ಕ್ವಾಟ್ ಬೇರೆ ಕಾರಣಕ್ಕೆ ಒಳ್ಳೇದು: ದೊಡ್ಡ ಸ್ನಾಯು ಬೆಳೆದಷ್ಟೂ ರಕ್ತದ ಸಕ್ಕರೆ ಹಿಡಿತಕ್ಕೆ ಬರುತ್ತದೆ, ಸಕ್ಕರೆ ಹಿಡಿತದಲ್ಲಿದ್ದರೆ ನಾಳ ಉಳಿಯುತ್ತದೆ.

ಹಾರ್ಮೋನು ಬೇಕಾದರೆ ನಿದ್ದೆ ಮಾಡಿ. ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ 10ರಿಂದ 15ರಷ್ಟು ಇಳಿದಿತ್ತು, 2011ರ ಅಮೆರಿಕದ ಅಧ್ಯಯನ. ರಾತ್ರಿ ಒಂದು ಗಂಟೆವರೆಗೆ ಫೋನ್ ನೋಡಿ ಐದಕ್ಕೆ ಎದ್ದು ಜಿಮ್‌ಗೆ ಓಡಿ ಬರುವ ಹುಡುಗರಿಗೆ ನಾನು ಹೇಳುವುದು, ಹೋಗಿ ಮಲಗಿ, ಆರೂವರೆಗೆ ಬನ್ನಿ.

ಜಿಮ್ಮಲ್ಲಿ ಒಬ್ರು ಇಂಜೆಕ್ಷನ್ ತಗೋ ಅಂತಿದಾರೆ, ಮೈ ಬರುತ್ತೆ, ಪವರ್ ಬರುತ್ತೆ ಅಂತ

ಮೈ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲಿನದನ್ನು ಅವರು ಹೇಳಿರಲಿಕ್ಕಿಲ್ಲ. ಹೊರಗಿನಿಂದ ಹಾರ್ಮೋನು ಬರುತ್ತಿದೆ ಅಂತ ಗೊತ್ತಾದ ಕೂಡಲೇ ಮೆದುಳು ಬೀಜಗಳಿಗೆ ಕಳಿಸುತ್ತಿದ್ದ ಸಂದೇಶ ನಿಲ್ಲಿಸುತ್ತದೆ. ಕೆಲಸ ಇಲ್ಲದ ಬೀಜ ಸಣ್ಣದಾಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೆಲವರಿಗೆ ಸೊನ್ನೆಗೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರಿಗೆ ಮಕ್ಕಳಾಗದ ಹಾಗೆ ತಡೆಯಲು ಬರುತ್ತದಾ ಅಂತಲೇ ಪ್ರಯೋಗ ಮಾಡಿತ್ತು, 1990ರಲ್ಲಿ ಫಲಿತಾಂಶ ಬಂತು, ಚೆನ್ನಾಗೇ ತಡೆದಿತ್ತು. ಪವರ್ ಅಂತ ಮಾರುತ್ತಿರುವುದು ಅದೇ ಹಾರ್ಮೋನು ಮತ್ತು ಅದರ ಸಂಬಂಧಿಕರು, ಅದಕ್ಕಿಂತ ದೊಡ್ಡ ಡೋಸಿನಲ್ಲಿ. ನಿಲ್ಲಿಸಿದ ಮೇಲೆ ದೇಹ ಮತ್ತೆ ತಾನಾಗಿ ತಯಾರಿಸಲು ತಿಂಗಳುಗಳು, ಕೆಲವರಿಗೆ ವರ್ಷದ ಮೇಲೆ ಬೇಕು. ಆ ನಡುವಿನ ದಿನಗಳಲ್ಲಿ ಆಸೆಯೂ ಇಲ್ಲ, ಗಡಸುತನವೂ ಇಲ್ಲ.

ಈಗಾಗಲೇ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಸೈಕಲ್ ಹೊಡೆದ್ರೆ ಗಂಡಸುತನ ಹೋಗುತ್ತೆ ಅಂತಾರಲ್ಲ?

ಅರ್ಧ ಸತ್ಯ. ಸೀಟಿನ ಮೂತಿ ಒತ್ತುವ ಜಾಗದಲ್ಲೇ ಶಿಶ್ನಕ್ಕೆ ಹೋಗುವ ನರ, ನಾಳ ಎರಡೂ ಹಾದುಹೋಗುತ್ತವೆ. ಗಂಟೆಗಟ್ಟಲೆ ಒತ್ತಿದರೆ ಜೋಮು ಹಿಡಿಯುತ್ತದೆ. ಸೈಕಲ್ ಮೇಲೆ ಗಸ್ತು ತಿರುಗುವ ಅಮೆರಿಕದ ಪೊಲೀಸರಿಗೆ ಆರು ತಿಂಗಳು ಮೂತಿ ಇಲ್ಲದ ಸೀಟು ಕೊಟ್ಟು ನೋಡಿದ್ದಾರೆ, 2008ರಲ್ಲಿ ಬಂದ ವರದಿ. ಜೋಮು ಬಹುಪಾಲು ಹೋಯಿತು, ಸ್ಪರ್ಶ ಚುರುಕಾಯಿತು. ಹಾಗಂತ ಸೈಕಲ್ ಬಿಡಬೇಡಿ. ಸೈಕಲ್ ಹೊಡೆಯುವವರನ್ನು ಓಡುವವರ, ಈಜುವವರ ಜೊತೆ ಹೋಲಿಸಿದ ದೊಡ್ಡ ಸಮೀಕ್ಷೆಯಲ್ಲಿ ಗಡಸುತನ ಕಡಿಮೆ ಅಂತೇನೂ ಕಾಣಲಿಲ್ಲ. ಅಗಲವಾದ, ನಡುವೆ ಸೀಳು ಇರುವ ಸೀಟು ಹಾಕಿಸಿ, ಮೂತಿ ಮೇಲಕ್ಕೆ ಎದ್ದಿರಬಾರದು, ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲಿ. ಜೋಮು ಬಂದರೆ ಇಳಿಯಿರಿ. ಅದನ್ನು ಸಹಿಸಿಕೊಂಡು ಇನ್ನೂ ಹತ್ತು ಕಿಲೋಮೀಟರ್ ಅನ್ನುವವರೇ ಕೆಡಿಸಿಕೊಳ್ಳುವುದು.

ಮ್ಯಾರಥಾನ್‌ಗೆ ತಯಾರಾಗ್ತಿದೀನಿ, ದಿನಾ ಎರಡು ಗಂಟೆ ಓಟ. ಆಸೆನೇ ಬರ್ತಿಲ್ಲ

ದೇಹಕ್ಕೆ ಬರುವುದಕ್ಕಿಂತ ಹೋಗುವುದು ಜಾಸ್ತಿಯಾದಾಗ ಅದು ಮೊದಲು ಕಡಿತ ಮಾಡುವುದು ಮಕ್ಕಳು ಮಾಡುವ ಇಲಾಖೆಯನ್ನೇ. ವರ್ಷಗಟ್ಟಲೆ ವಿಪರೀತ ದೂರ ಓಡುವವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುವುದು, ಆಸೆ ಕಡಿಮೆಯಾಗುವುದು ಎರಡೂ ಕಂಡಿವೆ. ಬೆಳಗ್ಗೆ ಏಳುವಾಗಲೇ ಸುಸ್ತು, ಓಟದ ವೇಗ ಇಳಿಯುವುದು, ಸಣ್ಣದಕ್ಕೂ ಸಿಡುಕು ಜೊತೆಗಿದ್ದರೆ ಎರಡು ವಾರ ಅರ್ಧಕ್ಕೆ ಇಳಿಸಿ, ಹೊಟ್ಟೆ ತುಂಬ ತಿನ್ನಿ. ಸಾಮಾನ್ಯವಾಗಿ ವಾಪಸ್ ಬರುತ್ತದೆ.

ವೀರ್ಯ ಹೋದ್ರೆ ಶಕ್ತಿ ಹೋಗುತ್ತೆ, ವರ್ಕೌಟ್ ಇರೋ ದಿನ ಬೇಡ ಅಂತಾರೆ. ಹೌದಾ?

ಒಂದು ಸಲಕ್ಕೆ ಹೋಗುವುದು ಒಂದು ಚಮಚದಷ್ಟು. ಅದರಲ್ಲಿ ಬಹುಪಾಲು ನೀರು, ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೊಟೀನ್. ವೀರ್ಯಾಣು ನೂರರಲ್ಲಿ ಐದು ಭಾಗವೂ ಇಲ್ಲ. ಹಿಂದಿನ ರಾತ್ರಿ ಸೇರಿದವರ ಮುಷ್ಟಿಯ ಬಲ, ಓಟದ ಶಕ್ತಿ ಅಳೆದು ನೋಡಿದ್ದಾರೆ, ಏನೂ ಕಡಿಮೆಯಾಗಿರಲಿಲ್ಲ. ಮಾರನೇ ದಿನ ಸುಸ್ತಾಗಿದ್ದರೆ ಅದು ನಿದ್ದೆ ಕೆಟ್ಟಿದ್ದಕ್ಕೆ.

ಮಗು ಬೇಕು ಅಂತ ನೋಡ್ತಿದೀವಿ. ವ್ಯಾಯಾಮದಿಂದ ವೀರ್ಯಾಣು ಜಾಸ್ತಿ ಆಗುತ್ತಾ?

ಹದವಾದ ವ್ಯಾಯಾಮ, ತೂಕ ಇಳಿಯುವುದು ಎರಡೂ ಸಹಾಯ ಮಾಡುತ್ತವೆ. ಒಂದು ವೀರ್ಯಾಣು ತಯಾರಾಗಲು 70 ದಿನದ ಮೇಲೆ ಬೇಕು, ಹೊರಬರಲು ಇನ್ನಷ್ಟು. ಹಾಗಾಗಿ ಇವತ್ತು ಶುರು ಮಾಡಿದ್ದರ ಲೆಕ್ಕ ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸಿಗುತ್ತದೆ. ಇನ್ನೊಂದು ಮಾತು ಬಿಸಿಯ ಬಗ್ಗೆ. ಬೀಜಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು, ಹೊರಗೆ ತೂಗುವುದೇ ಅದಕ್ಕೆ. ವ್ಯಾಯಾಮ ಮುಗಿದ ಮೇಲೆ ಬೆವರಿದ ಬಿಗಿ ಚಡ್ಡಿಯಲ್ಲೇ ಗಂಟೆಗಟ್ಟಲೆ ಕೂರಬೇಡಿ. ಹಬೆಯ ಕೋಣೆ, ಬಿಸಿನೀರಿನ ತೊಟ್ಟಿ ಈ ಮೂರು ತಿಂಗಳು ಬೇಡ.

## ಕಾಯಿಲೆ, ಮಾತ್ರೆ, ಡಾಕ್ಟರ್

ನಮ್ಮ ಯಜಮಾನರಿಗೆ 48. ಆರು ತಿಂಗಳಿಂದ ದೂರ ಮಲಗ್ತಾರೆ, ವಾಕಿಂಗ್ ಬನ್ನಿ ಅಂದ್ರೆ ಸಿಟ್ಟು. ಹೇಗೆ ಹೇಳಲಿ?

ಅಮ್ಮಾ, ದೂರ ಮಲಗುವುದು ಪ್ರೀತಿ ಹೋಗಿದ್ದಕ್ಕೇ ಇರಬೇಕು ಅಂತಿಲ್ಲ. ಆಗಲಿಲ್ಲ ಅಂದರೆ ಅನ್ನುವ ಹೆದರಿಕೆಗೆ ಹತ್ತಿರವೇ ಬರದ ಗಂಡಸರನ್ನು ನಾನು ಬಹಳ ನೋಡಿದ್ದೇನೆ. "ನಿಮಗೆ ಹೀಗಾಗ್ತಿದೆ, ಅದಕ್ಕೆ ನಡೀರಿ" ಅಂದರೆ ಅವರು ಖಂಡಿತ ಬರುವುದಿಲ್ಲ. "ನನಗೆ ಒಬ್ಬಳೇ ಹೋಗೋಕೆ ಬೇಜಾರು, ಜೊತೆಗೆ ಬನ್ನಿ" ಅನ್ನಿ. ಮುಖ ನೋಡಿ ಆಡಲಾಗದ ಮಾತು ಪಕ್ಕಪಕ್ಕ ನಡೆಯುವಾಗ ಬಾಯಿಗೆ ಬರುತ್ತದೆ. ಜೊತೆಗೆ ಬೀಪಿ, ಶುಗರ್ ಒಂದು ಸಲ ನೋಡಿಸಿ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಗಡಸುತನ ಕಡಿಮೆ ಆದ್ರೆ ಹಾರ್ಟ್ ತೊಂದರೆ ಬರುತ್ತೆ ಅಂತ ಓದಿದೆ. ಹೆದರಿಸ್ತಿದಾರಾ?

ಹೆದರಿಸುವುದಕ್ಕಲ್ಲ, ಆದರೆ ನಿಜ. ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಎರಡರಲ್ಲೂ ಒಂದೇ ಥರ ಕೊಬ್ಬು ಕಟ್ಟುತ್ತಿದ್ದರೆ ಸಣ್ಣ ಕೊಳವೆ ಮೊದಲು ತೊಂದರೆ ಕೊಡುತ್ತದೆ. ಅದಕ್ಕೇ ಎದೆನೋವು ಕಾಣಿಸಿಕೊಳ್ಳುವ ಎರಡರಿಂದ ಐದು ವರ್ಷ ಮೊದಲೇ ಗಡಸುತನ ಕುಗ್ಗಿದ ಉದಾಹರಣೆ ಬೇಕಾದಷ್ಟಿವೆ. ನಲವತ್ತು ದಾಟಿ, ಬೆಳಗಿನದೂ ನಿಂತು, ನಿಧಾನಕ್ಕೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಮಾತ್ರೆ ಹುಡುಕುವ ಮೊದಲು ಬೀಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ವ್ಯಾಯಾಮವನ್ನು ಡಾಕ್ಟರ್ ನೋಡಿದ ಮೇಲೆ ಶುರು ಮಾಡಿ.

ಶುಗರ್ ಇದೆ, ಬೀಪಿ ಮಾತ್ರೆ ಬೇರೆ. ನನಗೆ ವ್ಯಾಯಾಮದಿಂದ ಏನು ಸುಧಾರಿಸುತ್ತೆ?

ಸುಧಾರಿಸುತ್ತದೆ, ನಿಧಾನವಾಗಿ. ಸಕ್ಕರೆ ನಾಳ, ನರ ಎರಡನ್ನೂ ಕೆಡಿಸುವುದರಿಂದ ಶುಗರ್ ಇರುವವರಿಗೆ ಈ ತೊಂದರೆ ಸುಮಾರು ಮೂರು ಪಟ್ಟು ಜಾಸ್ತಿ, ಹತ್ತು ವರ್ಷ ಬೇಗವೂ ಬರುತ್ತದೆ. ನಾಳಕ್ಕೆ ನಡಿಗೆ ಸಹಾಯ ಮಾಡುತ್ತದೆ, ಸತ್ತ ನರವನ್ನು ಎಬ್ಬಿಸಲು ಆಗುವುದಿಲ್ಲ. ಮಾತ್ರೆ ಜೊತೆಗೆ ಬೇಕಾಗಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

ಬೀಪಿಯ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಖಿನ್ನತೆಯ ಮಾತ್ರೆ ಇವುಗಳಿಂದಲೂ ಹೀಗಾಗುತ್ತದೆ. ಆದರೆ ನೀವೇ ನಿಲ್ಲಿಸಬೇಡಿ. "ಈ ಮಾತ್ರೆ ಶುರುವಾದ ಮೇಲೆ ಹೀಗಾಯ್ತು" ಅಂದರೆ ಡಾಕ್ಟರ್ ಬೇರೆ ಬರೆದು ಕೊಡುತ್ತಾರೆ.

ಹಾರ್ಟ್ ಅಟ್ಯಾಕ್ ಆಗಿ ನಾಲ್ಕು ತಿಂಗಳು. ಹತ್ತಿರ ಹೋದ್ರೆ ಮತ್ತೆ ಆಗುತ್ತಾ ಅಂತ ಇಬ್ರಿಗೂ ಭಯ

ಮೆಟ್ಟಿಲು ನೋಡಿ. ಎರಡು ಮಹಡಿ ಸರಸರ ಹತ್ತಿದಾಗ ಎದೆನೋವು, ವಿಪರೀತ ಏದುಸಿರು ಇಲ್ಲ ಅಂದರೆ ಸಾಮಾನ್ಯವಾಗಿ ದೇಹ ಅಷ್ಟು ಶ್ರಮ ತಡೆಯುತ್ತದೆ. ದಿನಾ ನಡೆದು ಆ ಶಕ್ತಿಯನ್ನು ಕಟ್ಟಿಕೊಂಡವರಿಗೆ ಹಾಸಿಗೆಯಲ್ಲಿ ಅಪಾಯ ಇನ್ನೂ ಕಡಿಮೆ. ಡಾಕ್ಟರ್ ಹೂಂ ಅನ್ನಬೇಕು, ಅದು ಮೊದಲು.

ಇದನ್ನು ಮಾತ್ರ ಮರೆಯಬೇಡಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯೋ, ಅದೇ ಜಾತಿಯ ಬೇರೆ ಮಾತ್ರೆಯೋ ತಗೊಳ್ಳುವವರು ವಯಾಗ್ರದಂಥವನ್ನು ಮುಟ್ಟಲೇಬಾರದು. ಎರಡೂ ನಾಳ ಸಡಿಲ ಮಾಡುವಂಥವು. ಒಟ್ಟಿಗೆ ಸೇರಿದರೆ ಬೀಪಿ ಕುಸಿದು ಪ್ರಾಣಕ್ಕೇ ಬರಬಹುದು. ಸ್ನೇಹಿತರು ಜೇಬಿಂದ ತೆಗೆದು ಕೊಡುವ ಮಾತ್ರೆಗೂ ಇದೇ ಮಾತು.

ಪ್ರಾಸ್ಟೇಟ್ ಆಪರೇಷನ್ ಆಯ್ತು. ಮೂತ್ರ ಸೋರುತ್ತೆ, ಅದೂ ಇಲ್ಲ

ಮೂತ್ರಕ್ಕೆ ಕೆಗೆಲ್ ಸಹಾಯ ಮಾಡುತ್ತದೆ, ಆಪರೇಷನ್ನಿಗೆ ಮೊದಲೇ ಕಲಿತಿದ್ದರೆ ಇನ್ನೂ ಸುಲಭ. ಕ್ಯಾತಿಟರ್, ಅಂದರೆ ಮೂತ್ರ ಹೋಗಲು ಹಾಕುವ ಕೊಳವೆ, ಇರುವಾಗ ಮಾತ್ರ ಮಾಡಬೇಡಿ, ತೆಗೆದ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ. ಗಡಸುತನದ ನರಗಳು ಮೂತ್ರಕೋಶದ ಕೆಳಗಿರುವ ಈ ಪ್ರಾಸ್ಟೇಟ್ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತವೆ. ಅವುಗಳನ್ನು ಉಳಿಸಿದ್ದರೂ ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ಕೈಬಿಡುವ ಹೊತ್ತು ಇನ್ನೂ ಬಂದಿಲ್ಲ.

ಡಾಕ್ಟರ್ ಹತ್ರ ಏನಂತ ಹೇಳೋದು? ಬಾಯೇ ಬರಲ್ಲ

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬೇಕಾದರೆ ಚೀಟಿಯನ್ನೇ ಕೊಡಿ. "ಗಡಸುತನ ಬರ್ತಿಲ್ಲ" ಅಥವಾ "ಬಂದರೂ ನಿಲ್ಲಲ್ಲ". ಎಷ್ಟು ತಿಂಗಳಿಂದ. ಬೆಳಗ್ಗೆ ಬರುತ್ತದೋ ಇಲ್ಲವೋ. ಥಟ್ಟನೆ ಶುರುವಾಯಿತೋ, ನಿಧಾನಕ್ಕೋ. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆ, ಜಿಮ್ಮಿನ ಪುಡಿ ಮತ್ತು ಇಂಜೆಕ್ಷನ್ ಸೇರಿಸಿ. ಸಿಗರೇಟು, ಕುಡಿತ ಎಷ್ಟು. ವಾರಕ್ಕೆ ಎಷ್ಟು ನಿಮಿಷ ನಡೆಯುತ್ತೀರಿ. ಟೆಸ್ಟೋಸ್ಟೆರಾನ್ ಪರೀಕ್ಷೆ ಬರೆದರೆ ರಕ್ತ ಬೆಳಗ್ಗೆಯೇ ಕೊಡಿ, ಸಂಜೆಗೆ ಅದು ತಾನಾಗಿ ಇಳಿದಿರುತ್ತದೆ.

ಎರಡು ವಿಷಯಕ್ಕೆ ಮಾತ್ರ ಚೀಟಿ ಬರೆಯುತ್ತಾ ಕೂರಬೇಡಿ, ತಕ್ಷಣ ಓಡಿ. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಒಂದು, ಸೇರುವಾಗ "ಟಪ್" ಅಂತ ಶಬ್ದವಾಗಿ ನೋವು ಬಂದು ಊದಿಕೊಂಡರೆ ಇನ್ನೊಂದು. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಸರಿ.